ನಲ್ಲಿ ನೀರಿನ ಕ್ಲೋರಿನ್ ಆಯುಧವಾಗುವುದು ಯಾವಾಗ?

ಊರಿಗೆ ಬಿಡುವ ನೀರಿಗೆ ಬ್ಲೀಚಿಂಗ್ ಪೌಡರ್ ಸ್ವಲ್ಪ ಜಾಸ್ತಿ ಬಿದ್ದ ದಿನ, ಕೊಡ ಎತ್ತುವಾಗಲೇ ಮೂಗಿಗೆ ಘಾಟು ಬಡಿಯುತ್ತದೆ, ಅಲ್ವಾ? ಅದು ಕ್ಲೋರಿನ್. ಕಾಲರಾ, ಟೈಫಾಯಿಡ್ ರೋಗಾಣುಗಳನ್ನು ಕೊಂದು ನಮ್ಮನ್ನು ಕಾಯುವ ವಸ್ತು.

ಮೊದಲ ಮಹಾಯುದ್ಧ ನಡೆಯುತ್ತಿದ್ದ 1915ರ ಏಪ್ರಿಲ್ 22ರ ಸಂಜೆ ಬೆಲ್ಜಿಯಂನ ಈಪ್ರ್ ಊರಿನ ಬಳಿ ಜರ್ಮನ್ ಸೇನೆ ಇದನ್ನೇ 5,000ಕ್ಕೂ ಹೆಚ್ಚು ಸಿಲಿಂಡರ್‌ಗಳಿಂದ ಹೊರಗೆ ಬಿಟ್ಟಿತು. ತಮಗೆ ಬೇಕಾದ ಕಡೆಗೆ ಗಾಳಿ ಬೀಸಲಿ ಎಂದು ದಿನಗಟ್ಟಲೆ ಕಾದಿದ್ದರು. ಹಸಿರು ಹಳದಿ ಮೋಡವೊಂದು ನೆಲ ಹಿಡಿದು ಬಂತು. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಗುಂಡಿನಿಂದ ತಪ್ಪಿಸಿಕೊಳ್ಳಲು ಸೈನಿಕರು ತೋಡಿಕೊಂಡಿದ್ದ ಕಂದಕಗಳಿಗೇ ಅದು ಇಳಿಯಿತು. ಶ್ವಾಸಕೋಶದ ಪಸೆಗೆ ತಗುಲಿದರೆ ಕ್ಲೋರಿನ್ ಆಮ್ಲವಾಗುತ್ತದೆ. ಒಳಪದರ ಸುಟ್ಟು ಅಲ್ಲಿ ನೀರು ತುಂಬುತ್ತದೆ. ಒಣ ನೆಲದ ಮೇಲಿದ್ದವನೂ ಕೆರೆಗೆ ಬಿದ್ದವನ ಹಾಗೆ ಉಸಿರು ಕಟ್ಟಿ ಸಾಯುತ್ತಾನೆ. ನಾಲ್ಕು ದಿನ ಕಳೆದು ಅಲ್ಲೇ ಹೋರಾಡಿದ ಭಾರತೀಯ ಸೈನಿಕರೂ ಈ ವಿಷ ಕುಡಿದರು.

'ಸಮೂಹ ನಾಶಕ ಅಸ್ತ್ರ' ಎಂಬ ಮಾತು ಬಂದದ್ದು ಇದಾದ ಎಷ್ಟೋ ವರ್ಷಗಳ ಮೇಲೆ. 1937ರ ಕ್ರಿಸ್‌ಮಸ್ ಸಮಯದಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಕಾಸ್ಮೋ ಗಾರ್ಡನ್ ಲ್ಯಾಂಗ್ ಅದನ್ನು ಬಳಸಿದರು. ಸ್ಪೇನ್ ಮತ್ತು ಚೀನಾದ ಊರುಗಳ ಮೇಲೆ ವಿಮಾನಗಳಿಂದ ಬಾಂಬ್ ಬೀಳುತ್ತಿದ್ದ ಕಾಲ ಅದು. 1948ರಲ್ಲಿ ವಿಶ್ವಸಂಸ್ಥೆಯ ಆಯೋಗ ಒಂದು ಪಟ್ಟಿ ಕೊಟ್ಟಿತು: ಅಣುಬಾಂಬ್, ವಿಕಿರಣ ವಸ್ತುಗಳ ಅಸ್ತ್ರ, ಕೊಲ್ಲುವ ರಾಸಾಯನಿಕ ಮತ್ತು ಜೈವಿಕ ಅಸ್ತ್ರ, ಮುಂದೆ ಬರಬಹುದಾದ ಅಷ್ಟೇ ಘೋರವಾದ ಇನ್ನಾವುದೇ ಅಸ್ತ್ರ. ಲ್ಯಾಂಗ್ ನೋಡಿ ನೊಂದಿದ್ದ ಮಾಮೂಲಿ ಬಾಂಬುಗಳು ಈ ಪಟ್ಟಿಯಲ್ಲಿ ಇಲ್ಲ.

ಇಲ್ಲಿ ನನಗೆ ನಿಜಕ್ಕೂ ಸಂಕಟವಾಗುತ್ತದೆ. 1945ರ ಮಾರ್ಚ್ 9ರ ರಾತ್ರಿ ಅಮೆರಿಕದ ಸುಮಾರು 300 ವಿಮಾನಗಳು ಟೋಕಿಯೋ ಮೇಲೆ ಬೆಂಕಿ ಬಾಂಬ್ ಸುರಿದವು. ಬೆಳಗಾಗುವಷ್ಟರಲ್ಲಿ ಸುಮಾರು ಒಂದು ಲಕ್ಷ ಜನ ಸತ್ತಿದ್ದರು. ಅದು ಪಟ್ಟಿಗೆ ಸೇರುವುದಿಲ್ಲ. 2013ರಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಪ್ರೆಷರ್ ಕುಕ್ಕರ್‌ಗಳಲ್ಲಿ ಇಟ್ಟ ಬಾಂಬ್ ಸಿಡಿದು ಮೂವರು ಸತ್ತರು. ಅಮೆರಿಕದ ಕಾನೂನಿನಲ್ಲಿ ಅದು ಸಮೂಹ ನಾಶಕ ಅಸ್ತ್ರ! ಸತ್ತವರ ಲೆಕ್ಕದಿಂದ ಈ ಹೆಸರು ಬರುವುದಿಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಹಾಗಂತ ಪಟ್ಟಿ ಸುಮ್ನೆ ಮಾಡಿದ್ದಲ್ಲ. ಹಿರೋಶಿಮಾಗೆ ಒಂದು ವಿಮಾನ, ಒಂದು ಬಾಂಬ್ ಸಾಕಾಯಿತು. ಅದರಲ್ಲಿದ್ದ ಸುಮಾರು 64 ಕಿಲೋ ಯುರೇನಿಯಂನಲ್ಲಿ ಒಂದು ಕಿಲೋದ ಪರಮಾಣುಗಳು ಕೂಡ ಪೂರ್ತಿ ಸೀಳಿಹೋಗಲಿಲ್ಲ. ಅಷ್ಟಕ್ಕೇ ಊರು ಹೋಯಿತು. ಇನ್ನು ವಿಷಾನಿಲವೋ, ರೋಗಾಣುವೋ ಆದರೆ ಬಿಟ್ಟವರ ಕೈ ತಪ್ಪಿಹೋಗುತ್ತದೆ. 1915ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಲೂಸ್‌ನಲ್ಲಿ ಬ್ರಿಟಿಷರು ಬಿಟ್ಟ ಕ್ಲೋರಿನ್ ಕೆಲವೆಡೆ ಅವರ ಸೈನಿಕರ ಮೇಲೇ ತಿರುಗಿತು.

ನನ್ನ ಪ್ರಕಾರ ತುಂಬಾ ಯೋಚಿಸಿ ಬರೆದದ್ದು 1993ರ ರಾಸಾಯನಿಕ ಅಸ್ತ್ರ ಒಪ್ಪಂದ. ಅದರ ವಿಷವಸ್ತುಗಳ ಪಟ್ಟಿಗಳಲ್ಲಿ ಕ್ಲೋರಿನ್ ಇಲ್ಲ. ಇದ್ದಿದ್ದರೆ ಊರೂರಿನ ನೀರಿನ ಘಟಕಕ್ಕೂ ತೊಂದರೆಯಾಗುತ್ತಿತ್ತು. ಬದಲಿಗೆ ಒಪ್ಪಂದ ಉದ್ದೇಶವನ್ನು ಕೇಳುತ್ತದೆ. ಯಾವ ವಿಷವಸ್ತುವಾದರೂ ಸರಿ, ಜನರಿಗೆ ಹಾನಿ ಮಾಡುವ ಅಸ್ತ್ರವಾಗಿ ಬಳಸಿದರೆ ಅದು ನಿಷಿದ್ಧ. 2018ರ ಫೆಬ್ರವರಿಯಲ್ಲಿ ಸಿರಿಯಾದ ಸರಾಕಿಬ್ ಊರಿನ ಮೇಲೆ ಹೆಲಿಕಾಪ್ಟರ್‌ನಿಂದ ಒಂದು ಸಿಲಿಂಡರ್ ಬಿತ್ತು. ಹೇಗ್‌ನಲ್ಲಿರುವ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆ ತನಿಖೆ ಮಾಡಿ, ಅದನ್ನು ಹಾಕಿದ್ದು ಸಿರಿಯಾದ ವಾಯುಪಡೆಯೇ ಎಂದು 2021ರಲ್ಲಿ ಹೇಳಿತು. ಸಿಲಿಂಡರ್‌ನಲ್ಲಿದ್ದದ್ದು ಕ್ಲೋರಿನ್.