ಮರುಮಾರಾಟದ ಪಾಲು: ಕಲಾವಿದರ ಹಳೇ ಜಗಳ, ಹೊಸ ಖಾತೆ ಪುಸ್ತಕ

ಜನವರಿ ತಿಂಗಳಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಯುತ್ತದೆ. ರಸ್ತೆಯುದ್ದಕ್ಕೂ ಚಿತ್ರಗಳು, ಪಕ್ಕದಲ್ಲೇ ಅವನ್ನು ಬರೆದವರು. ಚೌಕಾಸಿ ಮಾಡಿ ಐದು ಸಾವಿರಕ್ಕೆ ಒಂದು ಚಿತ್ರ ಕೊಂಡಿರಿ ಅಂದುಕೊಳ್ಳಿ. ಹದಿನೈದು ವರ್ಷದಲ್ಲಿ ಆ ಕಲಾವಿದರಿಗೆ ದೊಡ್ಡ ಹೆಸರು ಬಂತು. ನೀವು ಅದೇ ಚಿತ್ರವನ್ನು ಐದು ಲಕ್ಷಕ್ಕೆ ಮಾರಿದಿರಿ. ಬರೆದವರಿಗೆ ಅದರಲ್ಲಿ ಎಷ್ಟು ಸಿಗಬೇಕು?

ಏನೂ ಇಲ್ಲ, ಒಮ್ಮೆ ಮಾರಿದ ಮೇಲೆ ಮುಗೀತು ಅನ್ನುವವರೇ ಜಾಸ್ತಿ. ಫ್ರಾನ್ಸ್ ಇದನ್ನು ಒಪ್ಪಲಿಲ್ಲ. ಮರುಮಾರಾಟದಲ್ಲಿ ಕಲಾವಿದರಿಗೂ ಪಾಲು ಕೊಡಬೇಕು ಅಂತ 1920ರಲ್ಲೇ ಕಾನೂನು ಮಾಡಿತು. ನಮ್ಮಲ್ಲೂ ಅಂಥ ಕಾನೂನು ಇದೆ, ಗೊತ್ತಿರುವವರು ಕಡಿಮೆ ಅಷ್ಟೆ. 1994ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ 53ಎ ಕಲಂ ಸೇರಿತು. ಚಿತ್ರದ ಮೂಲ ಪ್ರತಿ 10,000 ರೂಪಾಯಿಗಿಂತ ಹೆಚ್ಚಿನ ಬೆಲೆಗೆ ಮತ್ತೆ ಮಾರಾಟವಾದರೆ ಕಲಾವಿದರಿಗೋ ಅವರ ವಾರಸುದಾರರಿಗೋ ಪಾಲು ಸಲ್ಲಬೇಕು. ಆ ಪಾಲು ಶೇ. 10 ಮೀರುವಂತಿಲ್ಲ. ಆದರೆ ಚಿತ್ರ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಷ್ಟಕ್ಕೆ ಹೋಯಿತು ಅಂತ ಕಲಾವಿದರಿಗೆ ತಿಳಿಯುವುದಾದರೂ ಹೇಗೆ? ಕಲಂ ಆ ವಿಷಯದಲ್ಲಿ ಸುಮ್ಮನಿದೆ.

ಅಮೆರಿಕದಲ್ಲಿ ಈ ಸಿಟ್ಟು ಎಲ್ಲರೆದುರೇ ಹೊರಬಿದ್ದದ್ದು 1973ರ ಅಕ್ಟೋಬರ್‌ನಲ್ಲಿ. ರಾಬರ್ಟ್ ಸ್ಕಲ್ ಅನ್ನುವ ಸಂಗ್ರಾಹಕರು ತಮ್ಮ ಚಿತ್ರಗಳನ್ನು ನ್ಯೂಯಾರ್ಕಿನಲ್ಲಿ ಹರಾಜಿಗೆ ಇಟ್ಟರು. ಕಲಾವಿದ ರಾಬರ್ಟ್ ರಾಷನ್‌ಬರ್ಗ್ ಅವರಿಂದ 900 ಡಾಲರಿಗೆ ಕೊಂಡಿದ್ದ ಒಂದು ಕೃತಿ ಅಂದು 85,000 ಡಾಲರಿಗೆ ಹೋಯಿತು. ಹರಾಜು ಮುಗಿದದ್ದೇ ತಡ, ಅಲ್ಲೇ ಇದ್ದ ರಾಷನ್‌ಬರ್ಗ್ ಸ್ಕಲ್ ಅವರನ್ನು ತಳ್ಳಿ ಜಗಳಕ್ಕೆ ನಿಂತರು.

ಇದಕ್ಕೆ ಎರಡು ವರ್ಷ ಮೊದಲೇ, 1971ರಲ್ಲಿ, ಕಲಾ ಪ್ರದರ್ಶನಗಳನ್ನು ಏರ್ಪಡಿಸುತ್ತಿದ್ದ ಸೆತ್ ಸೀಗೆಲಾಬ್ ಮತ್ತು ವಕೀಲ ರಾಬರ್ಟ್ ಪ್ರೊಜಾನ್ಸ್ಕಿ ಒಂದು ಕರಾರುಪತ್ರ ತಯಾರಿಸಿದ್ದರು. ಮುಂದೆ ಮಾರಿದಾಗ ಬರುವ ಲಾಭದಲ್ಲಿ ಶೇ. 15 ಕಲಾವಿದರಿಗೆ. ಕೊಂಡವರು ಸಹಿ ಹಾಕಬೇಕು, ಅವರಿಂದ ಕೊಂಡವರೂ ಸಹಿ ಹಾಕಬೇಕು, ಹೀಗೇ ಮುಂದಕ್ಕೆ. ಎಲ್ಲೋ ಒಬ್ಬರು ಸಹಿ ಹಾಕದಿದ್ದರೆ ಸರಪಳಿ ಅಲ್ಲಿಗೇ ತುಂಡು. ಹಾನ್ಸ್ ಹಾಕೆ ಅವರಂಥ ಕೆಲವರು ಮಾತ್ರ ಅದನ್ನು ಪಟ್ಟುಹಿಡಿದು ಬಳಸಿದರು. ಉಳಿದವರಿಗೆ ಗಿರಾಕಿ ತಪ್ಪಿಹೋದಾರು ಅನ್ನುವ ಭಯ. ತಪ್ಪೇನಿಲ್ಲ ಬಿಡಿ, ಬಾಡಿಗೆ ಕಟ್ಟಬೇಕಲ್ವಾ?

ಕಂಪ್ಯೂಟರಿನಲ್ಲಿ ಚಿತ್ರ ಮಾಡುವವರ ಪಾಡು ಇನ್ನೂ ಕಷ್ಟದ್ದು. 53ಎ ಹೇಳುವ 'ಮೂಲ ಪ್ರತಿ' ಅಂದರೆ ಅಲ್ಲಿ ಯಾವುದು? ಫೈಲನ್ನು ಸಾವಿರ ಸಲ ಕಾಪಿ ಮಾಡಿದರೂ ಎಲ್ಲವೂ ಒಂದೇ. ಮರುಮಾರಾಟದ ಮಾತು ಹಾಗಿರಲಿ, ಮೊದಲ ಮಾರಾಟಕ್ಕೇ ಸುಲಭದ ದಾರಿ ಇರಲಿಲ್ಲ.

2014ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ನ್ಯೂ ಮ್ಯೂಸಿಯಂನ ಒಂದು ಕಾರ್ಯಕ್ರಮಕ್ಕಾಗಿ ಕಲಾವಿದ ಕೆವಿನ್ ಮೆಕಾಯ್ ಮತ್ತು ಭಾರತ ಮೂಲದ ತಂತ್ರಜ್ಞ ಅನಿಲ್ ಡ್ಯಾಶ್ ಜೊತೆಯಾದರು. ಬಿಟ್‌ಕಾಯಿನ್‌ನಿಂದ ಕವಲೊಡೆದ ನೇಮ್‌ಕಾಯಿನ್ ಅನ್ನುವ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಹಲವು ಕಂಪ್ಯೂಟರುಗಳು ಒಟ್ಟಾಗಿ ಇಟ್ಟುಕೊಳ್ಳುವ ಖಾತೆ ಪುಸ್ತಕದಲ್ಲಿ, ಒಂದು ಸಣ್ಣ ವಿಡಿಯೊ ತುಣುಕನ್ನು ನೋಂದಾಯಿಸಿದರು. ಡ್ಯಾಶ್ ತಮ್ಮ ಜೇಬಿನಲ್ಲಿದ್ದ 4 ಡಾಲರ್ ಕೊಟ್ಟು ಅದನ್ನು ಕೊಂಡರು. ಇಂದು ನಾವು ಎನ್‌ಎಫ್‌ಟಿ ಅನ್ನುವುದರ ಬೀಜ ಇದೇ.

ಎನ್‌ಎಫ್‌ಟಿ ಅಂದರೆ ಪಹಣಿ ಇದ್ದ ಹಾಗೆ. ಜಮೀನು ಬೇರೆ, ಪಹಣಿ ಬೇರೆ. ಚಿತ್ರದ ಫೈಲು ಸಾಮಾನ್ಯವಾಗಿ ಬ್ಲಾಕ್‌ಚೈನ್‌ನಲ್ಲಿ ಇರುವುದಿಲ್ಲ, ಅಷ್ಟು ಜಾಗ ಅಲ್ಲಿ ಬಲು ದುಬಾರಿ. ಅಲ್ಲಿರುವುದು 'ಈ ಕೊಂಡಿಯಲ್ಲಿರುವ ಚಿತ್ರ ಇಂಥವರದು' ಅನ್ನುವ ದಾಖಲೆ. ಒಂದೇ ವ್ಯತ್ಯಾಸ, ಈ ಪಹಣಿ ತಾಲ್ಲೂಕು ಕಚೇರಿಯಲ್ಲಿ ಇಲ್ಲ. ಸಾವಿರಾರು ಕಂಪ್ಯೂಟರುಗಳಲ್ಲಿ ಅದರ ಪ್ರತಿ ಇದೆ, ಹಾಗಾಗಿ ಕದ್ದು ತಿದ್ದಲು ಆಗುವುದಿಲ್ಲ. ಕೈ ಬದಲಾದದ್ದೆಲ್ಲ ಎಲ್ಲರಿಗೂ ಕಾಣುತ್ತದೆ. ಸೀಗೆಲಾಬ್ ಕರಾರಿಗೆ ಇಲ್ಲದೇ ಹೋದದ್ದು ಇದೇ ತಾನೆ?

ಆಸೆ ಹುಟ್ಟಿದ್ದು ಇಲ್ಲಿ. ಇಥೀರಿಯಂ ಅನ್ನುವ ಬ್ಲಾಕ್‌ಚೈನ್ ಮೇಲಿನ ಎನ್‌ಎಫ್‌ಟಿ ಮಾರುಕಟ್ಟೆಗಳು ಪ್ರತಿ ಮರುಮಾರಾಟದಲ್ಲೂ ಕಲಾವಿದರಿಗೆ ಪಾಲು ಕೊಡತೊಡಗಿದವು. ಎಷ್ಟೋ ಕಡೆ ಅದು ಶೇ. 10. ಗ್ಯಾಲರಿ ಬೇಡ, ದಲ್ಲಾಳಿ ಬೇಡ, ಕೋಡ್ ನೋಡಿಕೊಳ್ಳುತ್ತದೆ ಅನ್ನುವ ಮಾತು ಹಬ್ಬಿತು. 2021ರ ಮಾರ್ಚ್ 11ರಂದು ಬೀಪಲ್ ಹೆಸರಿನ ಮೈಕ್ ವಿಂಕಲ್‌ಮನ್ ಅವರ ಕೃತಿ 6.93 ಕೋಟಿ ಡಾಲರಿಗೆ ಹೋಯಿತು. ಐದು ತಿಂಗಳ ಹಿಂದಿನವರೆಗೆ ಅವರ ಒಂದು ಪ್ರಿಂಟಿಗೆ 100 ಡಾಲರಿಗಿಂತ ಜಾಸ್ತಿ ಸಿಕ್ಕಿರಲಿಲ್ಲ. ಕೊಂಡವರು ಸಿಂಗಾಪುರದಲ್ಲಿದ್ದ ತಮಿಳುನಾಡು ಮೂಲದ ವಿಘ್ನೇಶ್ ಸುಂದರೇಶನ್. ಮಾರಿಕೊಟ್ಟದ್ದು ಯಾರು? 1766ರಿಂದ ನಡೆಯುತ್ತಿರುವ ಕ್ರಿಸ್ಟೀಸ್ ಹರಾಜು ಸಂಸ್ಥೆ. ದಲ್ಲಾಳಿಯೇ ಬೇಡ ಅಂದಿದ್ದು ನೆನಪಿರಲಿ.

ಆಗ ಹೆಚ್ಚಿನವರು ಗಮನಿಸದ ಒಂದು ತೂತು ಇತ್ತು. ಹೆಚ್ಚಿನ ಎನ್‌ಎಫ್‌ಟಿಗಳು ಪಾಲಿಸುವ ಇಆರ್‌ಸಿ-721 ನಿಯಮದಲ್ಲಿ ಪಾಲಿನ ಮಾತೇ ಇಲ್ಲ. ಅಲ್ಲಿ ದಾಖಲಾಗುವುದು ಹೆಸರು ಬದಲಾದದ್ದು ಮಾತ್ರ. ಅದು ದಾನಪತ್ರವೋ ಕ್ರಯಪತ್ರವೋ ಆ ನಿಯಮಕ್ಕೆ ಗೊತ್ತಾಗದು. 2020ರಲ್ಲಿ ಇನ್ನೊಂದು ನಿಯಮ ಬಂತು. ಕಲಾವಿದರು ಇಷ್ಟು ಕೇಳುತ್ತಿದ್ದಾರೆ ಅಂತ ಅದು ತಿಳಿಸುತ್ತದೆ, ಕೊಡಿ ಅಂತ ಕಟ್ಟುಪಾಡು ಮಾಡುವುದಿಲ್ಲ. ಪಾಲು ಕೊಡುತ್ತಿದ್ದದ್ದು ಮಾರುಕಟ್ಟೆ ಜಾಲತಾಣಗಳು, ಅದೂ ತಮ್ಮಿಷ್ಟದಿಂದ.

ಬೆಲೆ ಕುಸಿದಾಗ ಬಣ್ಣ ಬಯಲಾಯಿತು. 2022ರ ಜುಲೈನಲ್ಲಿ ಸುಡೊಸ್ವಾಪ್ ಅನ್ನುವ ಮಾರುಕಟ್ಟೆ ತಾಣ ಪಾಲೇ ಇಲ್ಲದ ವ್ಯಾಪಾರ ಶುರುಮಾಡಿತು. ಅಕ್ಟೋಬರಿನಲ್ಲಿ ಬಂದ ಬ್ಲರ್ ಸಗಟು ವ್ಯಾಪಾರಿಗಳನ್ನು ಎಳೆದುಕೊಂಡಿತು. ಎಲ್ಲಕ್ಕಿಂತ ದೊಡ್ಡದಾಗಿದ್ದ ಓಪನ್‌ಸೀ ನವೆಂಬರಿನಲ್ಲಿ ಪಾಲು ಕೊಡದ ತಾಣಗಳನ್ನು ತಡೆಯುವ ಸಾಧನ ತಂದಿತು. ಗಿರಾಕಿಗಳು ಜಾರುತ್ತಿದ್ದಂತೆ ತಾನೇ ಹಿಂದೆ ಸರಿದು, 2023ರ ಆಗಸ್ಟ್ 31ಕ್ಕೆ ಅದನ್ನು ಮುಚ್ಚಿತು. ಆಮೇಲೆ ಅಲ್ಲಿ ಪಾಲು ಕೊಡುವುದು ಬಿಡುವುದು ಬಹುಮಟ್ಟಿಗೆ ಮಾರುವವರ ಮರ್ಜಿಯಾಯಿತು. 1971ರ ಕರಾರಿನ ಕಥೆಯೇ, ಸಹಿ ಹಾಕದವರು ಯಾರು ಅಂತ ಈಗ ಕಾಣುತ್ತದೆ ಅಷ್ಟೆ.

ನನಗೆ ಇದಕ್ಕಿಂತ ಇಷ್ಟವಾಗುವುದು ಹಿಕ್ ಎಟ್ ನುಂಕ್ ಕಥೆ. ಬ್ರೆಜಿಲಿನ ರಫಾಯೆಲ್ ಲಿಮಾ 2021ರ ಮಾರ್ಚ್‌ನಲ್ಲಿ ಟೆಜೋಸ್ ಬ್ಲಾಕ್‌ಚೈನ್ ಮೇಲೆ ಕಟ್ಟಿದ ತಾಣ ಅದು. ಇಥೀರಿಯಂನಲ್ಲಿ ಒಂದು ಕೃತಿ ನೋಂದಾಯಿಸಲು ಆಗ ಹತ್ತಾರು ಡಾಲರ್ ಶುಲ್ಕ ಬೀಳುತ್ತಿತ್ತು, ಇಲ್ಲಿ ಚಿಲ್ಲರೆ ಕಾಸು ಸಾಕಾಗುತ್ತಿತ್ತು. ವಿದ್ಯುತ್ ಖರ್ಚೂ ತೀರಾ ಕಡಿಮೆ. ಹಾಗಾಗಿ ಬಡ ದೇಶಗಳ ಕಲಾವಿದರು ದಂಡಿಯಾಗಿ ಬಂದರು. ಒಂದೆರಡು ಡಾಲರಿಗೆ ಕೃತಿ ಮಾರುವುದು, ಬಂದ ಹಣದಲ್ಲಿ ಇನ್ನೊಬ್ಬರ ಕೃತಿ ಕೊಳ್ಳುವುದು. ಪಾಲನ್ನು ಶೇ. 10ರಿಂದ 25ರವರೆಗೆ ಕಲಾವಿದರೇ ಗೊತ್ತುಮಾಡಬಹುದಿತ್ತು.

ಅದೇ ವರ್ಷ ನವೆಂಬರ್ 11ರಂದು ಲಿಮಾ ಮುನ್ಸೂಚನೆ ಇಲ್ಲದೆ ತಾಣವನ್ನೇ ಮುಚ್ಚಿಬಿಟ್ಟರು. ಬೇರೆ ಕಡೆಯಾಗಿದ್ದರೆ ಎಲ್ಲರ ಕೆಲಸವೂ ಅಂದೇ ಮಣ್ಣುಪಾಲು. ಆದರೆ ದಾಖಲೆಗಳು ಟೆಜೋಸ್‌ನಲ್ಲಿದ್ದವು. ಫೈಲುಗಳು ಹಲವು ಕಂಪ್ಯೂಟರುಗಳಲ್ಲಿ ಹಂಚಿ ಇಡುವ ಐಪಿಎಫ್ಎಸ್ ಜಾಲದಲ್ಲಿದ್ದವು. ತಾಣದ ಕೋಡ್ ಕೂಡ ಎಲ್ಲರಿಗೂ ಸಿಗುತ್ತಿತ್ತು. ಬೇಗನೆ ಬಳಕೆದಾರರೇ ನಕಲು ತಾಣಗಳನ್ನು ಎಬ್ಬಿಸಿದರು. ಮುಂದೆ ಅವರಲ್ಲೇ ಕೆಲವರು ಸೇರಿ ಟೆಯಾ ಅನ್ನುವ ಹೆಸರಿನಲ್ಲಿ ಅದನ್ನು ನಡೆಸತೊಡಗಿದರು. ಅಲ್ಲಿ ಕೋಟಿ ಡಾಲರಿನ ಸುದ್ದಿ ಹುಟ್ಟುವುದಿಲ್ಲ. ನಿರ್ಧಾರಗಳು ಬಳಕೆದಾರರ ಮತದಿಂದ ಆಗುತ್ತವೆ, ಮತ ಹಾಕುವವರಲ್ಲಿ ಚಿತ್ರ ಮಾರುವ ಕಲಾವಿದರೂ ಇದ್ದಾರೆ.