ಸುಟ್ಟ ಹುಲ್ಲು ಮತ್ತೆ ಚಿಗುರುವುದು ಹೇಗೆ?

ಪ್ರಶ್ನೆ: ಮಗಳ ಮನೆ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿದೆ. ಏಪ್ರಿಲ್‌ನಲ್ಲಿ ಅಲ್ಲಿಂದ ಪಶ್ಚಿಮಕ್ಕೆ ಕಾರಿನಲ್ಲಿ ಹೋಗುವಾಗ ಗುಡ್ಡಗಳೆಲ್ಲ ಸುಟ್ಟು ಕರ್ರಗಾಗಿದ್ದವು. ದನ ಸಾಕುವವರೇ ಬೆಂಕಿ ಹಚ್ಚುತ್ತಾರಂತೆ. ಮೂರು ವಾರ ಬಿಟ್ಟು ಅದೇ ದಾರಿಯಲ್ಲಿ ಬಂದರೆ ಎಲ್ಲಾ ಹಸಿರು! ಅಷ್ಟು ಬೆಂಕಿಗೆ ಹುಲ್ಲು ಸಾಯಲಿಲ್ಲವೇ? ಬೂದಿಯೇ ಗೊಬ್ಬರ ಆಯಿತೇ?

ಉತ್ತರ: ಸಾಯಲಿಲ್ಲ. ಸುಟ್ಟಿದ್ದು ಹೋದ ವರ್ಷದ ಒಣಗಿದ ದಂಟು, ಎಲೆ. ಹುಲ್ಲಿನ ಜೀವ ನೆಲದೊಳಗಿತ್ತು. ಬೂದಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಹೆಚ್ಚಿನವರು ಎಡವುವುದು ಅಲ್ಲೇ.

ನೀವು ನೋಡಿದ ಗುಡ್ಡಗಳಿಗೆ ಫ್ಲಿಂಟ್ ಹಿಲ್ಸ್ ಎಂದು ಹೆಸರು. ಫ್ಲಿಂಟ್ ಅಂದರೆ ನಮ್ಮ ಚಕಮಕಿ ಕಲ್ಲು. ಒಂದು ಕಾಲಕ್ಕೆ ಅಮೆರಿಕದ ನಡುಭಾಗದಲ್ಲೆಲ್ಲ ಆಳೆತ್ತರದ ಹುಲ್ಲಿನ ಬಯಲಿತ್ತು. ಅದನ್ನು ಪ್ರೇರಿ ಎನ್ನುತ್ತಾರೆ. ಮಣ್ಣು ಚೆನ್ನಾಗಿದ್ದ ಕಡೆಯೆಲ್ಲ ಜನ ಉತ್ತು ಮೆಕ್ಕೆಜೋಳ, ಸೋಯಾ ಬಿತ್ತಿದರು. ಈಗ ಉಳಿದಿರುವುದು ನೂರಕ್ಕೆ ನಾಲ್ಕರಷ್ಟು ಮಾತ್ರ. ಈ ಗುಡ್ಡಗಳಲ್ಲಿ ನೇಗಿಲಿಗೆ ಬರೀ ಕಲ್ಲು ಸಿಕ್ಕಿತು. ಹಾಗಾಗಿ ಇಲ್ಲಿ ಹುಲ್ಲು ಬದುಕಿಕೊಂಡಿತು.

ಅಲ್ಲಿನ ಮುಖ್ಯ ಹುಲ್ಲುಗಳು ನಾಲ್ಕು: ಬಿಗ್ ಬ್ಲೂಸ್ಟೆಮ್, ಲಿಟಲ್ ಬ್ಲೂಸ್ಟೆಮ್, ಇಂಡಿಯನ್ ಗ್ರಾಸ್, ಸ್ವಿಚ್ ಗ್ರಾಸ್. ಹೆಸರು ಅಪರಿಚಿತ ಅನಿಸಬಹುದು. ಆದರೆ ಇವುಗಳಲ್ಲಿ ಮೊದಲ ಮೂರು ನಮ್ಮ ಜೋಳ, ಕಬ್ಬು, ಮಜ್ಜಿಗೆ ಹುಲ್ಲಿನ ಹತ್ತಿರದ ನೆಂಟರು. ಹಾಗಾಗಿ ಕಬ್ಬು ಬೆಳೆದವರಿಗೆ ಅರ್ಧ ಉತ್ತರ ಆಗಲೇ ಗೊತ್ತಿರುತ್ತದೆ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಇಡುತ್ತಾರೆ. ಗದ್ದೆ ಪೂರ್ತಿ ಕಪ್ಪಾಗುತ್ತದೆ. ನೀರು ಹಾಯಿಸಿದರೆ ಕೆಲವೇ ದಿನದಲ್ಲಿ ಕೂಳೆ ಚಿಗುರುತ್ತದೆ, ಅಲ್ವಾ? ಮಣ್ಣಿನೊಳಗೆ ಉಳಿದ ಬುಡದಲ್ಲಿ ಕಣ್ಣುಗಳಿರುತ್ತವೆ. ಬೆಂಕಿ ಅಲ್ಲಿಗೆ ಮುಟ್ಟುವುದಿಲ್ಲ. (ರವದಿ ಸುಡುವುದು ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಅದು ಬೇರೆಯೇ ಜಗಳ.)

ಪ್ರೇರಿ ಹುಲ್ಲಿನದೂ ಇದೇ ಉಪಾಯ. ಮರಗಿಡಗಳ ಸುಳಿ ಕೊಂಬೆಯ ತುದಿಯಲ್ಲಿರುತ್ತದೆ. ತುದಿ ಸುಟ್ಟರೆ ಅವು ಬಹಳ ಕಳೆದುಕೊಳ್ಳುತ್ತವೆ. ಈ ಹುಲ್ಲುಗಳ ಕಣ್ಣುಗಳು ಮಣ್ಣಿನೊಳಗಿನ ಕಾಂಡದ ಗಿಣ್ಣುಗಳಲ್ಲಿ ಮಲಗಿರುತ್ತವೆ. ಹುಲ್ಲಿನ ಬೆಂಕಿ ನೋಡಲು ಭಯಂಕರ, ಆದರೆ ಗಾಳಿಯ ಜೊತೆ ಓಡಿಬಿಡುತ್ತದೆ. ಒಂದು ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಒಂದೆರಡು ಇಂಚು ಕೆಳಗಿನ ಮಣ್ಣಿಗೆ ಬಿಸಿ ತಾಗುವುದೇ ಕಡಿಮೆ. ಬೇರುಗಳಂತೂ ಎರಡು ಮೂರು ಮೀಟರ್ ಆಳಕ್ಕೆ ಇಳಿದಿರುತ್ತವೆ. ಬೀಜದಿಂದ ಹೊಸ ಸಸಿ ಏಳುವುದು ಅಲ್ಲಿ ಬಲು ಅಪರೂಪ. ನೀವು ಕಂಡ ಹಸಿರು ಹೆಚ್ಚೂಕಡಿಮೆ ಎಲ್ಲವೂ ಆ ಹಳೆಯ ಕಣ್ಣುಗಳಿಂದ ಎದ್ದದ್ದು.

ಈಗ ಬೂದಿ. ಸುಟ್ಟ ಮೇಲೆ ಹುಲ್ಲು ಸುಮ್ನೆ ಬದುಕುಳಿಯುವುದಿಲ್ಲ, ಮೊದಲಿಗಿಂತ ಸೊಂಪಾಗಿ ಬರುತ್ತದೆ, ಜಾಸ್ತಿ ಹೂ ಬಿಡುತ್ತದೆ. ಅದಕ್ಕೆ ಬೂದಿಯೇ ಕಾರಣ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಗೊಬ್ಬರದಲ್ಲಿ ನಮಗೆ ಮುಖ್ಯವಾದ ಸಾರಜನಕ ಬೂದಿಯಲ್ಲಿ ಉಳಿಯುವುದೇ ಇಲ್ಲ. ಬಹುಪಾಲು ಹೊಗೆಯ ಜೊತೆ ಹಾರಿಹೋಗುತ್ತದೆ. ಫ್ಲಿಂಟ್ ಹಿಲ್ಸ್‌ನಲ್ಲಿ ಕೊಂಜಾ ಪ್ರೇರಿ ಎಂಬ ಸಂಶೋಧನಾ ಬಯಲಿದೆ. ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯ ಅದನ್ನು ನಡೆಸುತ್ತದೆ. ಅದನ್ನು ಕಟ್ಟಿದ ಲಾಯ್ಡ್ ಹಲ್ಬರ್ಟ್ ಈ ಬೂದಿಯ ಪ್ರಶ್ನೆಯನ್ನೇ ಪರೀಕ್ಷೆ ಮಾಡಿ ನೋಡಿದರು. ಕೆಲವು ಕಡೆ ಸುಟ್ಟರು. ಕೆಲವು ಕಡೆ ಬೆಂಕಿ ಇಡದೆ ಒಣಹುಲ್ಲನ್ನು ಕತ್ತರಿಸಿ ಹೊರಗೆ ಸಾಗಿಸಿದರು. ಎರಡೂ ಕಡೆ ಹುಲ್ಲು ಹೆಚ್ಚೂಕಡಿಮೆ ಒಂದೇ ರೀತಿ ಬೆಳೆಯಿತು. ಬೂದಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಅಂದರೆ ತೊಂದರೆ ಕೊಡುತ್ತಿದ್ದದ್ದು ಮೇಲೆ ಬಿದ್ದಿದ್ದ ತರಗು. ಎರಡು ಮೂರು ವರ್ಷ ಸುಡದೆ, ಮೇಯಿಸದೆ ಬಿಟ್ಟರೆ ಸತ್ತ ಹುಲ್ಲು ದಪ್ಪ ಕಂಬಳಿಯ ಹಾಗೆ ಹಾಸಿಕೊಳ್ಳುತ್ತದೆ. ಕೆಳಗೆ ಬಿಸಿಲು ಬೀಳುವುದಿಲ್ಲ. ವಸಂತ ಬಂದರೂ ಮಣ್ಣು ತಣ್ಣಗೇ ಇರುತ್ತದೆ. ಹೊಸ ಚಿಗುರು ಆ ಕತ್ತಲಲ್ಲಿ ಬಡಕಲಾಗುತ್ತದೆ. ಕಂಬಳಿ ತೆಗೆದ ಕೂಡಲೇ ಕಪ್ಪು ನೆಲ ಬಿಸಿಲನ್ನು ಹೀರಿ ಬೇಗ ಕಾಯುತ್ತದೆ, ಕಣ್ಣುಗಳು ಒಟ್ಟಿಗೆ ಏಳುತ್ತವೆ. ಸಾರಜನಕ ಕಡಿಮೆ ಇದ್ದರೂ ಈ ಹುಲ್ಲುಗಳಿಗೆ ನಡೆಯುತ್ತದೆ. ಇದ್ದದ್ದರಲ್ಲೇ ಸಂಸಾರ ತೂಗಿಸುವ ಜಾತಿ ಅವು. ಆದರೆ ಮಳೆ ಕೈಕೊಟ್ಟ ವರ್ಷ ಈ ಲೆಕ್ಕ ತಲೆಕೆಳಗಾಗಬಹುದು. ಹೊದಿಕೆ ಇಲ್ಲದ ನೆಲದಿಂದ ತೇವ ಬೇಗ ಆರುತ್ತದೆ.

ಹಾಗಾದರೆ ಏಪ್ರಿಲ್‌ನಲ್ಲೇ ಯಾಕೆ? ಬ್ಲೂಸ್ಟೆಮ್ ಬಿಸಿಲುಗಾಲದ ಹುಲ್ಲು, ಆಗಿನ್ನೂ ಕಣ್ಣುಜ್ಜುತ್ತಿರುತ್ತದೆ. ಹೊರಗಿನಿಂದ ಬಂದ ಸ್ಮೂತ್ ಬ್ರೋಮ್, ಕೆಂಟಕಿ ಬ್ಲೂಗ್ರಾಸ್‌ನಂಥ ಚಳಿಗೆ ಒಗ್ಗಿದ ಹುಲ್ಲುಗಳು ಆ ಹೊತ್ತಿಗೆ ಚಿಗುರಿ, ಕೂಡಿಟ್ಟದ್ದನ್ನು ಖರ್ಚು ಮಾಡಿ ಕೂತಿರುತ್ತವೆ. ಆಗ ಬೆಂಕಿ ಬಿದ್ದರೆ ಪೆಟ್ಟು ತಿನ್ನುವುದು ಅವು. ದನ ಸಾಕುವವರಿಗೆ ಇನ್ನೊಂದು ಲಾಭ: ಎಳೆ ಹುಲ್ಲು ಮೇಯ್ದ ಹೋರಿಗಳ ತೂಕ ಚೆನ್ನಾಗಿ ಏರುತ್ತದೆ. ಬಹುಮಂದಿ ಅದೇ ಕೆಲವು ವಾರಗಳಲ್ಲಿ ಸುಡುವುದರಿಂದ ಹೊಗೆ ನೂರಾರು ಕಿಲೋಮೀಟರ್ ದೂರದ ಊರುಗಳಿಗೂ ಹೋಗುತ್ತದೆ. ಆಸ್ತಮಾ ಇರುವವರ ಸಿಟ್ಟು ನ್ಯಾಯವಾದದ್ದೇ.

ಕೊಂಜಾದಲ್ಲಿ ಬಯಲನ್ನು ಭಾಗ ಮಾಡಿ ಒಂದು ಕಡೆ ಪ್ರತಿ ವರ್ಷ, ಇನ್ನೊಂದು ಕಡೆ 2 ವರ್ಷಕ್ಕೆ, 4 ವರ್ಷಕ್ಕೆ, ಮತ್ತೊಂದು ಕಡೆ 20 ವರ್ಷಕ್ಕೊಮ್ಮೆ ಸುಡುತ್ತಾ ಬಂದಿದ್ದಾರೆ. ಪ್ರತಿ ವರ್ಷ ಸುಟ್ಟಲ್ಲಿ ಎತ್ತರದ ಹುಲ್ಲುಗಳದ್ದೇ ದರ್ಬಾರು. ಹೂಗಿಡಗಳ ಬಗೆ ಕಡಿಮೆಯಾಗುತ್ತದೆ. ಕಾಡೆಮ್ಮೆಯ ಜಾತಿಯ ಬೈಸನ್ ಬಿಟ್ಟಲ್ಲಿ ಚಿತ್ರ ಬದಲಾಗುತ್ತದೆ. ಅವು ಹುಲ್ಲನ್ನೇ ಹುಡುಕಿ ಮೇಯುವುದರಿಂದ ಹೂಗಿಡಗಳಿಗೆ ಜಾಗ ಸಿಗುತ್ತದೆ. ಪ್ರೇರಿ ಕೋಳಿಗೆ ಗೂಡು ಮಾಡಲು ಹಿಂದಿನ ವರ್ಷದ ಒಣಹುಲ್ಲು ಬೇಕು. ಎಲ್ಲವನ್ನೂ ವರ್ಷ ವರ್ಷ ಸುಟ್ಟರೆ ಅದು ಮೊಟ್ಟೆ ಇಡುವುದೆಲ್ಲಿ? ನನ್ನ ಕೇಳಿದರೆ, ಒಂದು ವರ್ಷ ಒಂದು ತುಂಡು, ಮರುವರ್ಷ ಇನ್ನೊಂದು ಎಂದು ಸುಡುವುದೇ ಜಾಣತನ.

ಇನ್ನು ಸುಡದೇ ಬಿಟ್ಟರೆ? ಅಲ್ಲಿ ವರ್ಷಕ್ಕೆ ಸುಮಾರು 830 ಮಿ.ಮೀ. ಮಳೆ ಬೀಳುತ್ತದೆ, ಮರ ಬೆಳೆಯಲು ಅಷ್ಟು ಸಾಕು. ಮೂಲನಿವಾಸಿಗಳಾದ ಕಾ ಮತ್ತು ಓಸೇಜ್ ಜನ ಬಯಲಿಗೆ ಬೆಂಕಿ ಇಡುತ್ತಿದ್ದರು, ಸಿಡಿಲೂ ಇಡುತ್ತಿತ್ತು. ಅದು ನಿಂತಲ್ಲಿ ರೆಡ್ ಸೀಡರ್ ಮರ ನುಗ್ಗಿ, ಮೂವತ್ತು ನಲವತ್ತು ವರ್ಷದಲ್ಲಿ ಬಯಲು ಕಾಡಾಗುತ್ತದೆ. ಎಳೆಯ ಸೀಡರ್‌ಗೆ ಬೆಂಕಿ ಬಿದ್ದರೆ ಅಲ್ಲಿಗೆ ಮುಗಿಯಿತು, ಅದರ ಬುಡದಲ್ಲಿ ಮತ್ತೆ ಚಿಗುರುವ ಕಣ್ಣಿಲ್ಲ. ಕಷ್ಟ ಇರುವುದು ಡಾಗ್‌ವುಡ್ ಎಂಬ ಪೊದೆಯದ್ದು. ಒಮ್ಮೆ ಅದು ಹಬ್ಬಿತೆಂದರೆ ಕೆಳಗಿನ ಹುಲ್ಲು ನೆರಳಿಗೆ ಸತ್ತು, ಬೆಂಕಿಗೆ ಉರಿಯಲು ಏನೂ ಸಿಗುವುದಿಲ್ಲ. ಹೇಗೋ ಸುಟ್ಟರೂ ಅದು ಬುಡದಿಂದ ಮತ್ತೆ ಏಳುತ್ತದೆ. ಹುಲ್ಲಿನ ಉಪಾಯ ಅದಕ್ಕೂ ಗೊತ್ತು.