ಓಓ, ಡಿಐ, ಎಚ್‌ಐ, ಪಿಓಐ: ಮಗಳು ಯಾವುದಕ್ಕೆ ಹೆಸರು ಕೊಡಲಿ?

ಪ್ರಶ್ನೆ: ನಾವು ಅಮೆರಿಕಕ್ಕೆ ಬಂದು ಎರಡು ವರ್ಷವಾಯಿತು. ಮಗಳು ಈಗ 9ನೇ ಗ್ರೇಡ್, ಸ್ಕೂಲಿನ ಸ್ಪೀಚ್ ಟೀಮ್ ಸೇರಿದ್ದಾಳೆ. ಕೋಚ್ ಒಂದು ಪಟ್ಟಿ ಕಳಿಸಿ, ಇದರಲ್ಲಿ ಒಂದು ಇಂಡಿವಿಜುವಲ್ ಇವೆಂಟ್ ಆರಿಸಿಕೋ ಅಂದಿದ್ದಾರೆ. ನೋಡಿದರೆ ಬರೀ ಓಓ, ಡಿಐ, ಎಚ್‌ಐ ಅಂತ ಅಕ್ಷರಗಳು. ಊರಲ್ಲಿ ಭಾಷಣ ಸ್ಪರ್ಧೆ ಅಂದರೆ ಒಂದೇ ಇತ್ತಲ್ಲ? ಇದರಲ್ಲಿ ಯಾವುದು ಒಳ್ಳೆಯದು?

ಉತ್ತರ: ಊರಲ್ಲೂ ಒಂದೇ ಇರಲಿಲ್ಲ. ಪ್ರತಿಭಾ ಕಾರಂಜಿ ನೆನಪು ಮಾಡಿಕೊಳ್ಳಿ: ಭಾಷಣ, ಆಶುಭಾಷಣ, ಕಂಠಪಾಠ, ಕಥೆ ಹೇಳುವುದು, ಮಿಮಿಕ್ರಿ. ಇವನ್ನೆಲ್ಲ ಒಂದೇ ಚಾಪೆಯ ಮೇಲೆ ಕೂರಿಸಿ ‘ಸ್ಪೀಚ್’ ಅಂತ ಕರೆದರೆ ಹೇಗೋ, ಇಲ್ಲಿಯದೂ ಹೆಚ್ಚುಕಮ್ಮಿ ಹಾಗೇ. ಡಿಬೇಟ್‌ನಲ್ಲಿ ಎದುರಾಳಿ ಇರುತ್ತಾರೆ, ಇಲ್ಲಿ ಇಲ್ಲ. ಒಂದು ಕ್ಲಾಸ್‌ರೂಮಿನಲ್ಲಿ ಐದಾರು ಮಕ್ಕಳು ಒಬ್ಬರಾದ ಮೇಲೊಬ್ಬರು ಮಾತಾಡುತ್ತಾರೆ, ಜಡ್ಜ್ 1, 2, 3 ಅಂತ ರ‍್ಯಾಂಕ್ ಹಾಕುತ್ತಾರೆ.

ಇದಕ್ಕೆಲ್ಲ ಒಟ್ಟು ಹೆಸರು ‘ಫೊರೆನ್ಸಿಕ್ಸ್’. ಪೊಲೀಸ್ ಲ್ಯಾಬಿಗೂ ಇದಕ್ಕೂ ಸಂಬಂಧವಿಲ್ಲ, ಗಾಬರಿಯಾಗಬೇಡಿ. ವಿಸ್ಕಾನ್ಸಿನ್‌ನ ರಿಪನ್ ಕಾಲೇಜಿನ ಬ್ರೂನೊ ಜೇಕಬ್ 1925ರಲ್ಲಿ ಶುರುಮಾಡಿದ ಸಂಸ್ಥೆಯ ಹೆಸರೇ ನ್ಯಾಷನಲ್ ಫೊರೆನ್ಸಿಕ್ ಲೀಗ್. 2014ರಲ್ಲಿ ಅದು ನ್ಯಾಷನಲ್ ಸ್ಪೀಚ್ ಅಂಡ್ ಡಿಬೇಟ್ ಅಸೋಸಿಯೇಷನ್ ಆಯಿತು. ಕೆಳಗೆ ಹೇಳುವ ನಿಯಮಗಳು ಹೆಚ್ಚಾಗಿ ಅವರವು.

ಅಕ್ಷರಗಳನ್ನು ಬಿಡಿಸುವ ಮೊದಲು ಎರಡೇ ಪ್ರಶ್ನೆ ಕೇಳಿಕೊಳ್ಳಿ. ಆಡುವ ಮಾತು ಯಾರದ್ದು? ಅದು ಯಾವಾಗ ಹುಟ್ಟಿದ್ದು?

ಮಾತು ಮಗುವಿನದೇ, ಬರೆದು ಬಾಯಿಪಾಠ ಮಾಡಿದ್ದು: ಅದು ಓಓ, ಅಂದರೆ ಒರಿಜಿನಲ್ ಓರೇಟರಿ. ನಮ್ಮ ‘ಭಾಷಣ’ಕ್ಕೆ ತೀರ ಹತ್ತಿರದ್ದು ಇದೇ. 10 ನಿಮಿಷ, ಕೈಯಲ್ಲಿ ಚೀಟಿಯಿಲ್ಲ, ಬೇರೆಯವರಿಂದ ಉದ್ಧರಿಸಿದ ಪದಗಳು 150 ದಾಟುವಂತಿಲ್ಲ. ಇನ್ಫರ್ಮೇಟಿವ್ ಇದರ ತಂಗಿ. ಅಲ್ಲಿ ಕೇಳುವವರ ಮನವೊಲಿಸುವುದಕ್ಕಿಂತ ತಿಳಿಸುವುದು ಮುಖ್ಯ, ಬೇಕಿದ್ದರೆ ಚಿತ್ರದ ಬೋರ್ಡ್ ತರಬಹುದು. ಶನಿವಾರ ಬೆಳಗ್ಗೆ ಸ್ಕೂಲ್ ಪಾರ್ಕಿಂಗಿನಲ್ಲಿ ತನ್ನಷ್ಟೇ ಎತ್ತರದ ಕಪ್ಪು ಹಲಗೆ ಹೊತ್ತು ಗಾಳಿಗೆ ತೂರಾಡುತ್ತಾ ಬರುವ ಮಗು ಕಂಡರೆ, ಇನ್ಫರ್ಮೇಟಿವ್ ಅಂತ ಧೈರ್ಯವಾಗಿ ಹೇಳಬಹುದು.

ಮಾತು ಮಗುವಿನದೇ, ಆದರೆ ಆಗಲೇ ಹುಟ್ಟಬೇಕು: ಇದು ಎಕ್ಸ್‌ಟೆಂಪ್. ಪ್ರಚಲಿತ ವಿದ್ಯಮಾನದ ಮೂರು ಪ್ರಶ್ನೆ ಎತ್ತಿ, ಒಂದನ್ನು ಇಟ್ಟುಕೊಂಡು ಎರಡನ್ನು ವಾಪಸ್ ಹಾಕಬೇಕು. ತಯಾರಿಗೆ 30 ನಿಮಿಷ, ಮಾತಿಗೆ 7. ಅಮೆರಿಕದ ವಿಷಯಕ್ಕೊಂದು, ಹೊರದೇಶದ ವಿಷಯಕ್ಕೊಂದು ಅಂತ ಎರಡು ವಿಭಾಗ. ಕಾರಿಡಾರಿನಲ್ಲಿ ಸೂಟು ಹಾಕಿಕೊಂಡು ಗೋಡೆಗೆ ಮುಖಮಾಡಿ ಫೆಡರಲ್ ರಿಸರ್ವ್ ಬಡ್ಡಿ ದರದ ಬಗ್ಗೆ ಗೋಡೆಗೇ ಬುದ್ಧಿ ಹೇಳುತ್ತಿರುತ್ತಾರಲ್ಲ, ಆ ಮಕ್ಕಳು ಇವರು. ಇಂಪ್ರಾಂಪ್ಟು ಅಪ್ಪಟ ಆಶುಭಾಷಣ: ವಿಷಯ ಆರಿಸಿ, ಯೋಚಿಸಿ, ಮಾತಾಡಿ ಮುಗಿಸಲು ಒಟ್ಟು 7 ನಿಮಿಷ.

ಇನ್ನು ಮಾತು ಬೇರೆಯವರದ್ದು. ನಮ್ಮ ಜನ ಮೂಗು ಮುರಿಯುವುದು ಇಲ್ಲೇ. ಡಿಐ ಅಂದರೆ ಡ್ರಮಾಟಿಕ್ ಇಂಟರ್‌ಪ್ರಿಟೇಷನ್, ಎಚ್‌ಐ ಅಂದರೆ ಹ್ಯೂಮರಸ್. ಪ್ರಕಟವಾದ ನಾಟಕ, ಕಥೆಯಿಂದ 10 ನಿಮಿಷದ ತುಂಡು ಮಾಡಿಕೊಂಡು ಒಬ್ಬರೇ ಅಭಿನಯಿಸುವುದು. ವೇಷವಿಲ್ಲ, ಪರಿಕರವಿಲ್ಲ. ತಾಳಮದ್ದಳೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ: ಗೆಜ್ಜೆ ಕಿರೀಟ ಇಲ್ಲದೆ ಬರೀ ಮಾತಿನಲ್ಲಿ ಕರ್ಣನನ್ನು ತಂದು ನಿಲ್ಲಿಸುತ್ತಾರಲ್ಲ, ಆ ಜಾತಿಯದು. ಅರ್ಥಧಾರಿ ಅಲ್ಲೇ ಮಾತು ಕಟ್ಟುತ್ತಾನೆ, ಇಲ್ಲಿ ಬಾಯಿಪಾಠ, ಅಷ್ಟೇ ವ್ಯತ್ಯಾಸ. ಎಚ್‌ಐನಲ್ಲಿ ಒಬ್ಬ ಹುಡುಗ ಭುಜ ತಿರುಗಿಸಿದರೆ ಅಜ್ಜಿ, ಮಂಡಿ ಬಗ್ಗಿಸಿದರೆ ನಾಯಿ. ಪಿಓಐ, ಅಂದರೆ ಪ್ರೋಗ್ರಾಂ ಓರಲ್ ಇಂಟರ್‌ಪ್ರಿಟೇಷನ್, ಇನ್ನೂ ಕುತೂಹಲದ್ದು: ಒಂದು ಎಳೆ ಹಿಡಿದು ಗದ್ಯ, ಪದ್ಯ, ನಾಟಕದ ಚೂರುಗಳನ್ನು ಹೊಲಿಯಬೇಕು. ಕೈಯಲ್ಲಿ ಒಂದು ಬೈಂಡರ್ ಇರಲೇಬೇಕು, ಮಕ್ಕಳು ಅದನ್ನೇ ಒಮ್ಮೆ ಬಾಗಿಲು ಮಾಡುತ್ತಾರೆ, ಒಮ್ಮೆ ಕನ್ನಡಿ. ಡೆಕ್ಲಮೇಷನ್ ಕಂಠಪಾಠವೇ, ಬೇರೆಯವರು ಮಾಡಿದ ಭಾಷಣವನ್ನು ಒಪ್ಪಿಸುವುದು.

ಡ್ಯುಯೋ ಅಂತ ಇಬ್ಬರದ್ದೂ ಒಂದಿದೆ. ಜಡ್ಜ್ ಸಾಲದೆ ಅಪ್ಪ ಅಮ್ಮಂದಿರನ್ನು ಕೂರಿಸುವುದು ಇಲ್ಲಿ ಮಾಮೂಲು, ಹಾಗೆ ನಾನೂ ಹೋಗಿದ್ದೆ. ಅಕ್ಕಪಕ್ಕ ನಿಂತ ಇಬ್ಬರು ಹುಡುಗಿಯರು ತಾಯಿ–ಮಗಳಾಗಿ ಜಗಳವಾಡಿದರು. ಒಬ್ಬಳು ನನ್ನ ಕಡೆ ನೋಡುತ್ತಾ ಗಾಳಿಯಲ್ಲೇ ಕೆನ್ನೆಗೆ ಹೊಡೆದಳು, ಇನ್ನೊಬ್ಬಳು ಪಕ್ಕದಲ್ಲಿ ಕೆನ್ನೆ ಹಿಡಿದುಕೊಂಡು ವಾಲಿದಳು. ಚೆನ್ನಾಗಿತ್ತು. ಆದರೂ ಬ್ಯಾಲಟ್‌ನಲ್ಲಿ, ಅಂದರೆ ಜಡ್ಜ್ ಷರಾ ಬರೆಯುವ ಹಾಳೆಯಲ್ಲಿ, ‘ಒಬ್ಬರನ್ನೊಬ್ಬರು ನೋಡಿ ಮಾತಾಡಿ’ ಅಂತ ಬರೆದು ನಾಲ್ಕನೇ ರ‍್ಯಾಂಕ್ ಕೊಟ್ಟೆ. ಡ್ಯುಯೋದಲ್ಲಿ ಪೀಠಿಕೆ ಬಿಟ್ಟರೆ ಒಬ್ಬರನ್ನೊಬ್ಬರು ನೋಡುವಂತಿಲ್ಲ, ಮುಟ್ಟುವಂತಿಲ್ಲ ಎನ್ನುವುದೇ ನಿಯಮ ಅಂತ ಮನೆಗೆ ಬರುವಾಗ ಕಾರಿನಲ್ಲಿ ಮಗ ಹೇಳಿದ. ಆ ಮಕ್ಕಳು ನನ್ನ ಷರಾ ಓದಿ ಏನಂದುಕೊಂಡರೋ.

ಈಗ ನಿಮ್ಮ ಪ್ರಶ್ನೆ, ಯಾವುದು ಒಳ್ಳೆಯದು? ‘ಓಓ ಅಥವಾ ಎಕ್ಸ್‌ಟೆಂಪ್ ಮಾಡಿಸಿ, ಕಾಲೇಜ್ ಅಪ್ಲಿಕೇಷನ್‌ಗೆ ತೂಕ’ ಅಂತ ಹೇಳುವವರು ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ನ್ಯೂಸ್ ನೋಡದ ಹುಡುಗಿಯನ್ನು ಎಕ್ಸ್‌ಟೆಂಪ್‌ಗೆ ದಬ್ಬಿದರೆ ಅವಳು ಡಿಸೆಂಬರ್ ಹೊತ್ತಿಗೆ ಟೀಮೇ ಬಿಡುತ್ತಾಳೆ. ಮನೆಯಲ್ಲಿ ಅವಳು ಏನು ಮಾಡುತ್ತಾಳೆ ನೋಡಿ. ಊಟದ ಹೊತ್ತಿನಲ್ಲಿ ನಿಮ್ಮ ಜೊತೆ ವಾದಕ್ಕೆ ನಿಲ್ಲುತ್ತಾಳಾ? ಎಕ್ಸ್‌ಟೆಂಪ್. ಒಂದೇ ವಿಷಯ ಮನಸ್ಸಿಗೆ ಹಚ್ಚಿಕೊಂಡು ವಾರಗಟ್ಟಲೆ ಕೊರೆಯುತ್ತಾಳಾ? ಓಓ. ಅತ್ತೆ ಫೋನಿನಲ್ಲಿ ಮಾತಾಡುವುದನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಾಳಾ? ಎಚ್‌ಐ ಬಿಟ್ಟು ಬೇರೆ ಕೇಳಲೇಬೇಡಿ.

ಒಂದು ಎಚ್ಚರಿಕೆ: ರಾಜ್ಯದಿಂದ ರಾಜ್ಯಕ್ಕೆ ಪಟ್ಟಿ ಬದಲಾಗುತ್ತದೆ. ನೀವು ಟೆಕ್ಸಸ್‌ನಲ್ಲಿದ್ದರೆ, ಅಲ್ಲಿಯ ಶಾಲೆಗಳ ಯುಐಎಲ್ (ಯುನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್) ಸ್ಪರ್ಧೆಯ ‘ಇನ್ಫರ್ಮೇಟಿವ್ ಸ್ಪೀಕಿಂಗ್’ ಬೋರ್ಡ್ ಹೊತ್ತು ತರುವಂಥದ್ದಲ್ಲ. ಅದು 30 ನಿಮಿಷದ ತಯಾರಿಯ ಎಕ್ಸ್‌ಟೆಂಪೇ. ಹಲಗೆ ಕೊಳ್ಳುವ ಮೊದಲು ಕೋಚ್‌ಗೆ ಒಂದು ಮಾತು ಕೇಳಿ.